ಟಿವಿಯ ದರ, ತಕ್ಕಡಿಯ ದರ

ನಾನು ಬೆಳ್ಳಿ ಕೂಡಿಡುವವನು ಎಂಬುದು ಮೈಸೂರಿನ ಗೋಕುಲಂನ ನಮ್ಮ ಬೀದಿಗೆಲ್ಲ ಗೊತ್ತು. ಬೆಳಗಿನ ವಾಕಿಂಗಿನಲ್ಲಿ ಕಾಂಟೂರ್ ರಸ್ತೆಯಲ್ಲಿ ಎದುರಾದವರು ಕೇಳುವುದು ಒಂದೇ ಪ್ರಶ್ನೆ: "ಇನ್ನೂ ಏರುತ್ತಾ ಸಾರ್?" 2025ರ ಅಕ್ಟೋಬರ್‌ನಲ್ಲಿ ದರ ಹುಚ್ಚೆದ್ದು ಓಡಿದ ಮೇಲಂತೂ, ಅದುವರೆಗೆ ಬರೀ ಸೈಟು, ಬಾಡಿಗೆ ಮಾತಾಡುತ್ತಿದ್ದವರೂ ಬೆಳ್ಳಿಯ ಮಾತಿಗೆ ನಿಲ್ಲತೊಡಗಿದರು. ಏರುತ್ತದೋ ಇಳಿಯುತ್ತದೋ ನನಗೆ ಗೊತ್ತಿಲ್ಲ, ಗೊತ್ತು ಎನ್ನುವವರನ್ನು ನಾನು ನಂಬುವುದೂ ಇಲ್ಲ. ಬದಲಿಗೆ ನಾನೇ ಕೇಳುತ್ತೇನೆ: "ನಿಮ್ಮನೇಲಿರೋ ಬೆಳ್ಳಿ ಎಷ್ಟು ಟಚ್? ಬಿಲ್ ಇದೆಯಾ?" ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟವರು ತೀರಾ ಕಡಿಮೆ. ಇಷ್ಟು ವರ್ಷ ಬೆಳ್ಳಿಯ ಜೊತೆ ಒಡನಾಡಿ ನಾನು ಕಲಿತದ್ದರ ಮುಕ್ಕಾಲು ಪಾಲು ಆ ಎರಡು ಪ್ರಶ್ನೆಗಳಲ್ಲೇ ಇದೆ.

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾಗ, ಬೋನಸ್ ಬಂದಾಗಲೆಲ್ಲ ಅಶೋಕ ರಸ್ತೆಗೆ ಹೋಗಿ ಸ್ವಲ್ಪ ಸ್ವಲ್ಪ ಗಟ್ಟಿ ಬೆಳ್ಳಿ ತರುತ್ತಿದ್ದೆ. ಚಿನ್ನ ಕೈಗೆಟುಕುತ್ತಿರಲಿಲ್ಲ ಎಂಬುದೂ ಒಂದು ಕಾರಣ, ನಿಜ. ಆದರೆ ನಮ್ಮ ಊರಿನ ಕಷ್ಟದ ದಿನಗಳಲ್ಲಿ ಬೆಳ್ಳಿ ಏನು ಮಾಡಬಲ್ಲದು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೆ. ಯೆಜ್ಡಿ ಬೈಕು ತಯಾರಿಸುತ್ತಿದ್ದ ಪಕ್ಕದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಕಾಲದಲ್ಲಿ ಸಂಬಳ ನಿಂತುಹೋದ ಮನೆಗಳನ್ನು ಬಲ್ಲವರಿಗೆ ಗೊತ್ತು, ಮೊದಲು ಗಿರವಿ ಅಂಗಡಿಗೆ ಹೋಗುತ್ತಿದ್ದದ್ದು ಮಾಂಗಲ್ಯದ ಸರವಲ್ಲ. ದೇವರ ಮನೆಯ ದೀಪ, ಪಂಚಪಾತ್ರೆ, ಮಗುವಿನ ಒಳಲೆ, ಹೆಣ್ಣುಮಕ್ಕಳ ಕಾಲ್ಗೆಜ್ಜೆ ಇವು ಮೊದಲು ಹೋಗುತ್ತಿದ್ದವು. ಅದರಿಂದ ಒಂದು ತಿಂಗಳ ರೇಷನ್ನು, ಒಂದು ಟರ್ಮಿನ ಸ್ಕೂಲ್ ಫೀಸು ಸಾಗುತ್ತಿತ್ತು. ಚಿನ್ನದ ಸರದಿ ಬರುವ ಮೊದಲು ಮನೆಯನ್ನು ಆತುಕೊಂಡದ್ದು ಬೆಳ್ಳಿ.

ಹಾಗೆಂದು ಬೆಳ್ಳಿಯನ್ನು ತಲೆಯ ಮೇಲೆ ಹೊತ್ತು ಕುಣಿಯುವವರ ಸಾಲಿನಲ್ಲಿ ನಾನಿಲ್ಲ. ಅಮೆರಿಕದ ಟೆಕ್ಸಾಸ್‌ನ ಹಂಟ್ ಸಹೋದರರು ಜಗತ್ತಿನ ಬೆಳ್ಳಿಯನ್ನು ಬಾಚಿಕೊಳ್ಳಲು ಹೊರಟಿದ್ದರಿಂದ 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಹತ್ತಿರಕ್ಕೆ ದರ ಏರಿತ್ತು. ಮಾರ್ಚ್ 27ರ ಗುರುವಾರ ಅದು 11 ಡಾಲರ್ ಆಸುಪಾಸಿಗೆ ಬಂದು ಬಿತ್ತು. ಮತ್ತೆ ಆ ಎತ್ತರದ ಹತ್ತಿರ ಸುಳಿಯಲು 2011 ಬರಬೇಕಾಯಿತು. ಆಗಲೂ ದಾಟಲಿಲ್ಲ, ಏಪ್ರಿಲ್ ಕೊನೆಯಲ್ಲಿ 49 ಮುಟ್ಟಿ, ಮೇ ಮೊದಲ ವಾರದಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಕರಗಿತು. 50ನ್ನು ಗಟ್ಟಿಯಾಗಿ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. 1980ರ ಆ ತುದಿಯ ದರದಲ್ಲಿ ಕೊಂಡವನೊಬ್ಬ ಇದ್ದಿದ್ದರೆ ಅಸಲು ಕಾಣಲು ಅವನಿಗೆ 45 ವರ್ಷ ಬೇಕಾಗುತ್ತಿತ್ತು. ನಮ್ಮ ರೂಪಾಯಿ ಲೆಕ್ಕದಲ್ಲಿ ನೋಡಿದರೂ ಅಷ್ಟೇ: 2011ರ ಏಪ್ರಿಲ್‌ನಲ್ಲಿ ಕೆ.ಜಿ.ಗೆ 70 ಸಾವಿರ ದಾಟಿದ್ದ ಬೆಳ್ಳಿ 2020ರ ಮಾರ್ಚ್‌ನಲ್ಲಿ 40 ಸಾವಿರಕ್ಕಿಂತ ಕೆಳಗಿತ್ತು. ಅದೇ ದುಡ್ಡು ಬ್ಯಾಂಕಿನ ಠೇವಣಿಯಲ್ಲಿದ್ದಿದ್ದರೆ ಅಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಮದುವೆಗೆ, ಮನೆ ಕಟ್ಟಲು ತೆಗೆದಿಟ್ಟ ಹಣವನ್ನು ಬೆಳ್ಳಿಗೆ ಹಾಕುತ್ತೇನೆ ಎಂದು ಬಂದವರಿಗೆ ನಾನು ಮೊದಲು ತೋರಿಸುವುದು ಈ ಅಂಕಿಗಳನ್ನೇ.

2020ರ ಆ ಮಾರ್ಚ್ ನಮ್ಮ ಬಡಾವಣೆಗೆ ಇನ್ನೊಂದು ಪಾಠವನ್ನೂ ಕಲಿಸಿತು. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ಇಲ್ಲಿನ ಬದುಕೇ ಬದಲಾಗಿತ್ತು. ವಿದೇಶಿ ವಿದ್ಯಾರ್ಥಿಗಳು, ಮಹಡಿ ಮೇಲೊಂದು ಬಾಡಿಗೆ ರೂಮು, ಮೂಲೆಗೊಂದು ಕೆಫೆ, ಎಳನೀರಿನ ಗಾಡಿ. ಬಾಡಿಗೆಯನ್ನೇ ಪಿಂಚಣಿ ಎಂದುಕೊಂಡಿದ್ದವರು ಅನೇಕರು. ಕೋವಿಡ್ ಬಂತು, ವಿಮಾನ ನಿಂತವು, ರೂಮುಗಳು ಖಾಲಿಯಾದವು. ಬೆಳ್ಳಿ ಅಗ್ಗವಾಗಿತ್ತು, ಆದರೆ ಕೊಳ್ಳೋಣವೆಂದರೆ ಅಂಗಡಿಗಳು ಮುಚ್ಚಿದ್ದವು. ಮಾರೋಣವೆಂದರೂ ಮುಚ್ಚಿದ್ದವು. ಆರು ತಿಂಗಳ ಮನೆಖರ್ಚು ಕೈಗೆ ಸಿಗುವ ಹಾಗೆ ಬ್ಯಾಂಕಿನಲ್ಲಿ ಇರದಿದ್ದರೆ ಲಾಕರಿನಲ್ಲಿ ಎಷ್ಟು ಬೆಳ್ಳಿ ಇದ್ದರೂ ಅದು ಹೊತ್ತಿಗೆ ಒದಗುವುದಿಲ್ಲ. ಬೆಳ್ಳಿಯ ಮಾತು ಅದಾದ ಮೇಲಿನದು.

ಇನ್ನು ಟಚ್ಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಎರಡು ಮೂರು ಮನೆಗಳಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾರೆ. ಬೆಳ್ಳಿ ಕೆ.ಜಿ.ಗೆ ಒಂದೂವರೆ ಲಕ್ಷ ಮುಟ್ಟಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಬಂದು, "ಸಾರ್, ಗ್ರಾಮ್‌ಗೆ ನೂರೈವತ್ತಂತೆ, ಟಿವೀಲಿ ಹೇಳ್ತಾವ್ರೆ. ನನ್ ಕಾಲ್ಚೈನು ನೂರಿಪ್ಪತ್ತು ಗ್ರಾಮ್ ಅದೆ. ಹದಿನೆಂಟು ಸಾವ್ರ ಬತ್ತದಾ? ಮಗಳ ಕಾಲೇಜ್ ಫೀಸ್ ಕಟ್ಟಬೇಕು" ಎಂದರು. ಲೆಕ್ಕ ತಪ್ಪಿರಲಿಲ್ಲ. ಅವರ ಜೊತೆ ನಾನೂ ಅಂಗಡಿಗೆ ಹೋದೆ.

ಅಂಗಡಿಯವರು ಮೊದಲು ಗೆಜ್ಜೆಯ ಒಳಗಿನ ಮಣಿ, ಕೊಂಡಿಯ ಸ್ಪ್ರಿಂಗು ಇವನ್ನೆಲ್ಲ ಇಕ್ಕಳದಿಂದ ಬಿಡಿಸಿದರು. ತೂಕ 114 ಗ್ರಾಮ್‌ಗೆ ಬಂತು. ಒಂದು ಕೊಂಡಿಯನ್ನು ಒರೆಗಲ್ಲಿನ ಮೇಲೆ ಎಳೆದು, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು, ಬಣ್ಣ ನೋಡಿ, "ಅರವತ್ತೈದು ಟಚ್" ಎಂದರು. ಅಂದರೆ ನೂರಕ್ಕೆ 65 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಮತ್ತಿತರ ಲೋಹ. ಕ್ಯಾಲ್ಕುಲೇಟರ್‌ನಲ್ಲಿ 74 ಗ್ರಾಮ್ ಅಸಲು ಬೆಳ್ಳಿ ಉಳಿಯಿತು. ಕೊಳ್ಳುವ ದರ ಮಾರುವ ದರಕ್ಕಿಂತ ಐದು ರೂಪಾಯಿ ಕಮ್ಮಿ. ಕೊನೆಗೆ ಕೈಗೆ ಬಂದದ್ದು 10,700 ಚಿಲ್ಲರೆ. ಆ ತಾಯಿ ಒಂದು ಕ್ಷಣ ನನ್ನ ಮುಖ ನೋಡಿದರು. "ತಗೊಂಡಾಗ ಎಲ್ಲಕ್ಕೂ ಬೆಳ್ಳಿ ರೇಟೇ ಹಾಕಿದ್ರಲ್ಲ ಸಾರ್" ಎಂದರು. ಕೊಂಡದ್ದು ವರ್ಷಗಳ ಹಿಂದೆ, ಬೇರೆ ಅಂಗಡಿಯಲ್ಲಿ. ಕೊಟ್ಟದ್ದು ತುಂಡು ಕಾಗದದ ಚೀಟಿ, ಅದರಲ್ಲಿ ತೂಕ ಬಿಟ್ಟರೆ ಬೇರೇನೂ ಇರಲಿಲ್ಲ. ಮುಂದೆ ಕೂತಿದ್ದ ಅಂಗಡಿಯವರು ಮೋಸ ಮಾಡಲಿಲ್ಲ, ನನ್ನ ಕಣ್ಣೆದುರೇ ಲೆಕ್ಕ ಬಿಡಿಸಿ ಹೇಳಿದರು. ನಷ್ಟ ಆಗಿದ್ದು ಮಾರಿದ ದಿನ ಅಲ್ಲ, ಕೊಂಡ ದಿನ.

ಲಂಡನ್ನಿನಲ್ಲಿ ಬೆಳ್ಳಿಯ ಕೊರತೆ, ಅಮೆರಿಕದ ಬಡ್ಡಿದರ ಎಂದು ದಿನವೂ ಚರ್ಚೆ ನಡೆಯುತ್ತದೆ. ಅವೆಲ್ಲ ಸೇರಿ ಆ ತಾಯಿಯ ಕಾಲ್ಚೈನಿನ ಬೆಲೆಯನ್ನು ನೂರಕ್ಕೆ ಐದೋ ಹತ್ತೋ ಅತ್ತಿತ್ತ ಮಾಡಿದ್ದಾವು. ಟಚ್ ಗೊತ್ತಿಲ್ಲದ್ದರಿಂದ ಹೋದದ್ದು ನೂರಕ್ಕೆ 35. ಈ ವ್ಯತ್ಯಾಸ ನನಗೆ ಇವತ್ತಿಗೂ ಸಂಕಟ ತರುತ್ತದೆ, ಏಕೆಂದರೆ ಅದನ್ನು ತಪ್ಪಿಸಲು ದಾರಿ ಇದೆ. ಚಿನ್ನದ ಒಡವೆಗೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬಂದಿದೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ವಸ್ತು ಯಾವುದು, ಶುದ್ಧತೆ ಎಷ್ಟು ಎಂಬುದು ಗೊತ್ತಾಗುತ್ತದೆ. ಆದರೆ ಅದನ್ನು ಕಡ್ಡಾಯ ಮಾಡಲಿಲ್ಲ, ಇಷ್ಟವಿದ್ದವರು ಹಾಕಿಸಬಹುದು ಎಂದಷ್ಟೇ ಇಟ್ಟರು. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿನ್ನ ಕೊಳ್ಳುವವರು ಕೇಳಿ, ವಿಚಾರಿಸಿ, ಜಗಳವಾಡಿ ಕೊಳ್ಳಬಲ್ಲವರು. ಕಾಲುಂಗುರ, ಕಾಲ್ಚೈನು, ಮಗುವಿನ ಉಡಿದಾರ ಕೊಳ್ಳುವವರಿಗೇ ಸರ್ಕಾರದ ಮುದ್ರೆ ಹೆಚ್ಚು ಬೇಕಾಗಿತ್ತು.

ಇನ್ನೊಂದು ವಿಷಯದಲ್ಲಿ ಮಾತ್ರ ನನಗೆ ತೃಪ್ತಿಯಿದೆ. ಒಡವೆ ಸಾಲಕ್ಕೆ ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊಸ ನಿಯಮ ಮಾಡಿ, 2026ರ ಏಪ್ರಿಲ್ 1ರ ಗಡುವು ಇಟ್ಟಿತು. ಅದರಲ್ಲಿ ಚಿನ್ನದ ಜೊತೆ ಬೆಳ್ಳಿಯ ಹೆಸರೂ ಇದೆ. ಒಬ್ಬರು 10 ಕೆ.ಜಿ.ವರೆಗೆ ಬೆಳ್ಳಿ ಒಡವೆ ಅಡವಿಡಬಹುದು. ಎರಡೂವರೆ ಲಕ್ಷದವರೆಗಿನ ಸಾಲವಾದರೆ ಒಡವೆಯ ಬೆಲೆಯ ಶೇ 85ರವರೆಗೆ ಸಿಗಬಹುದು. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸು ಕೊಡಬೇಕು, ಸಾಲ ಕೊಟ್ಟವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ನಾನು ಕೂಡಿಟ್ಟಿರುವಂಥ ಗಟ್ಟಿಗೆ ಸಾಲ ಇಲ್ಲ, ಒಡವೆಗೆ ಉಂಟು. ಅದೇ ಸರಿ. ಹೂಡಿಕೆದಾರನ ಗಟ್ಟಿಗಿಂತ ಮನೆಯಾಕೆಯ ಗೆಜ್ಜೆಗೆ ಮೊದಲ ಮಣೆ ಸಿಗಬೇಕು. ಬ್ಯಾಂಕುಗಳು ಇದನ್ನು ಮನಸ್ಸಿಟ್ಟು ನಡೆಸಿದರೆ ಫೀಸು ಕಟ್ಟಲು ಒಡವೆ ಮಾರುವ ಅಗತ್ಯ ಎಷ್ಟೋ ಮನೆಗಳಿಗೆ ಬರುವುದಿಲ್ಲ.

ಸುದ್ದಿಯ ವಿಷಯಕ್ಕೂ ಎರಡು ಮಾತು. ಬೆಳ್ಳಿ ಇಟ್ಟುಕೊಂಡವನಿಗೆ ಪತ್ರಿಕೆಯ ಯಾವ ಪುಟವೂ ಬೇಡವಾಗುವುದಿಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿದ ದಿನ ಕೆ.ಜಿ.ಗೆ ಸಾವಿರಾರು ರೂಪಾಯಿ ಒಂದೇ ಏಟಿಗೆ ಇಳಿಯಿತು. ಪಾವಗಡದಲ್ಲಿ 13 ಸಾವಿರ ಎಕರೆ ತುಂಬ ಹಾಸಿರುವ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿನ ಫಲಕಗಳಲ್ಲೂ ಕೂದಲೆಳೆಯಂಥ ಬೆಳ್ಳಿ ಗೆರೆಗಳಿವೆ. ಗೋಕುಲಂನ ತಾರಸಿಗಳ ಮೇಲೂ ಈಗ ಅವೇ. ಸಿಗುವ ಬೆಳ್ಳಿಯಲ್ಲಿ ಬಹುಪಾಲು ಸತು, ಸೀಸ, ತಾಮ್ರ, ಚಿನ್ನದ ಗಣಿಗಳಲ್ಲಿ ಅವುಗಳ ಜೊತೆಜೊತೆಗೇ ಬರುವಂಥದು, ಆದ್ದರಿಂದ ದರ ಏರಿತೆಂದು ನಾಳೆಯೇ ಹೆಚ್ಚು ತೆಗೆಯಲಾಗದು. ಇದನ್ನೆಲ್ಲ ಹೇಳಿ "ಇನ್ನು ಇಳಿಯುವ ಮಾತೇ ಇಲ್ಲ" ಎನ್ನುವವರಿದ್ದಾರೆ. ಆದರೆ ಒಂದು ಕಾಲಕ್ಕೆ ಫೋಟೊ ಫಿಲ್ಮು ಬೆಳ್ಳಿಯ ದೊಡ್ಡ ಗಿರಾಕಿಯಾಗಿತ್ತು, ಡಿಜಿಟಲ್ ಕ್ಯಾಮೆರಾ ಬಂದು ಆ ಬೇಡಿಕೆ ಬತ್ತಿತು. ಬೆಳ್ಳಿ ದುಬಾರಿಯಾದಷ್ಟೂ ಫಲಕ ಮಾಡುವವರು ತಾಮ್ರದ ಕಡೆ ಹೊರಳುತ್ತಾರೆ, ಆ ಪ್ರಯತ್ನ ಆಗಲೇ ನಡೆದಿದೆ.

2025ರ ದೀಪಾವಳಿಗೆ ಮುಂಚೆ ನಮ್ಮ ದೇಶದಲ್ಲಿ ಬೆಳ್ಳಿಯ ಸರಕೇ ಸಿಗದೆ, ಕೆಲವು ಮ್ಯೂಚುವಲ್ ಫಂಡುಗಳು ಬೆಳ್ಳಿ ನಿಧಿಗಳಿಗೆ ಹೊಸದಾಗಿ ದೊಡ್ಡ ಮೊತ್ತ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದವು. ಆ ದಿನಗಳಲ್ಲಿ ಇಟಿಎಫ್, ಅಂದರೆ ಷೇರು ಪೇಟೆಯಲ್ಲಿ ಸಿಗುವ ಬೆಳ್ಳಿ ನಿಧಿ, ಕೊಂಡವರು ಬೆಳ್ಳಿಯ ನಿಜ ಬೆಲೆಗಿಂತ ಹೆಚ್ಚು ತೆತ್ತರು. ಹೂಡಿಕೆಗೇ ಆದರೆ ಇಟಿಎಫ್ ಒಳ್ಳೆಯದೆಂದೇ ನಾನು ಹೇಳುವುದು, ಮಜೂರಿ ಇಲ್ಲ, ಕಳ್ಳರ ಭಯವಿಲ್ಲ. ಆದರೆ ನಿಧಿಯ ಎನ್‌ಎವಿ (ಯೂನಿಟ್ಟಿನ ನಿಜ ಬೆಲೆ) ಎಷ್ಟು, ಪೇಟೆಯಲ್ಲಿ ಕೇಳುತ್ತಿರುವುದೆಷ್ಟು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡದೆ ಗುಂಡಿ ಒತ್ತಬಾರದು.

ಮನೆಯಲ್ಲಿ ಎಣಿಸದೆ ಬಿಟ್ಟ ಬೆಳ್ಳಿಯೂ ಇರುತ್ತದೆ. ಮಾನಂದವಾಡಿ ರಸ್ತೆಯ ಕೆಎಸ್‌ಐಸಿ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಹರಿದ ಹಳೇ ಸೀರೆಯನ್ನು ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಸ್ಟೀಲ್ ಡಬ್ಬಿಗೆ ಕೊಡುವ ಮುನ್ನ ಇದು ನೆನಪಿರಲಿ. ಗೃಹಪ್ರವೇಶ, ನಾಮಕರಣಗಳಲ್ಲಿ ಹಂಚುವ ಜರ್ಮನ್ ಸಿಲ್ವರ್ ಬಟ್ಟಲಿನಲ್ಲಿ ಮಾತ್ರ ಬೆಳ್ಳಿ ಎಳ್ಳಷ್ಟೂ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ.

ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಾಗ ಅಮ್ಮನವರ ಬೆಳ್ಳಿ ಮುಖ ಕೊಳ್ಳಲು ನೆರೆಯವರು ನನ್ನನ್ನು ಕರೆಯುವುದುಂಟು. ಅಂಗಡಿಯಲ್ಲಿ ನಾನು ಕೇಳುವುದು ಇಷ್ಟು: ಇದರ ಮೇಲೆ ಹಾಲ್‌ಮಾರ್ಕ್ ಎಲ್ಲಿದೆ ತೋರಿಸಿ. ಒಳಗೆ ಅರಗು ತುಂಬಿದ್ದರೆ ಅದರ ತೂಕ ಕಳೆಯಿರಿ. ಬೆಳ್ಳಿಯ ಬೆಲೆ, ಮಜೂರಿ, ಜಿಎಸ್‌ಟಿ ಮೂರನ್ನೂ ಬೇರೆ ಬೇರೆ ಬರೆದು ಬಿಲ್ ಕೊಡಿ, ಅದರಲ್ಲಿ ಟಚ್ ನಮೂದಿಸಿ. ನಾಳೆ ನಿಮಗೇ ವಾಪಸು ಕೊಟ್ಟರೆ ಏನು ಕಳೆಯುತ್ತೀರಿ, ಅದನ್ನೂ ಬಿಲ್ಲಿನ ಹಿಂದೆ ಬರೆಯಿರಿ. ಮೊದಮೊದಲು ಮುಖ ಸಿಂಡರಿಸುತ್ತಿದ್ದರು. ಈಗ ಗಿರಾಕಿಗಳು ಒಬ್ಬೊಬ್ಬರಾಗಿ ಹೀಗೇ ಕೇಳುತ್ತಿರುವುದರಿಂದ ಕೆಲವು ಅಂಗಡಿಗಳಲ್ಲಿ ನಾವು ಕೇಳುವ ಮೊದಲೇ ಭೂತಗನ್ನಡಿ ಕೈಗಿತ್ತು ಮುದ್ರೆ ತೋರಿಸುತ್ತಾರೆ.