ಲಾಯೋಲಿನ ಚಾಕನ್ನು ಮಾಡಿಸಿಕೊಳ್ಳುವವರಿಗೆ

ಫ್ರಾನ್ಸ್ ದೇಶದ ಆವೇರೋನ್ ಪ್ರಾಂತದ ಲಾಯೋಲ್ ಗ್ರಾಮದಲ್ಲಿ 19ನೆಯ ಶತಮಾನದಲ್ಲಿ ರೂಪುಗೊಂಡ ಮಡಚುವ ಚಾಕನ್ನು ತಮಗಾಗಿಯೇ ಮಾಡಿಸಿಕೊಳ್ಳಬೇಕೆಂಬ ಅಭಿಲಾಷೆಯುಳ್ಳ ವಾಚಕರು, ಆ ಹೆಸರೂ, ಬೆನ್ನಿನ ಮೇಲಣ ಜೇನ್ನೊಣದ ಚಿಹ್ನೆಯೂ ಅನ್ಯದೇಶಗಳ ಅಗ್ಗದ ಚಾಕುಗಳಲ್ಲಿಯೂ ಕಾಣಸಿಗುವುದರಿಂದ, ಚಿಹ್ನೆಯನ್ನು ನಂಬದೆ, ಚಾಕನ್ನು ಯಾರು, ಎಲ್ಲಿ ಮಾಡುವರೆಂಬುದನ್ನೇ ವಿಚಾರಿಸತಕ್ಕದ್ದು. ಹಿಡಿಯ ರೂಢಿಯ ಉದ್ದ 12 ಸೆಂಟಿಮೀಟರು. ನಿಮ್ಮ ಅಂಗೈ ಚಿಕ್ಕದಾಗಿದ್ದರೆ ಸಂಕೋಚಪಡದೆ ತಿಳಿಸಿರಿ. ಹಿಡಿಗೆ ಕೊಂಬು ಅತಿ ಸುಂದರ, ಆದರೆ ನೀರಿನಲ್ಲಿ ನೆನೆಯಿಟ್ಟರೆ ಕೆಡುತ್ತದೆ. ಇಂಗಾಲದ ಉಕ್ಕಿನ ಅಲಗು ಸಾಣೆಕಲ್ಲಿಗೆ ಸುಲಭವಾಗಿ ಒಲಿಯುವುದಾದರೂ, ನಿಂಬೆ ಮಾವುಗಳ ಹುಳಿಗೆ ಕಪ್ಪಾಗುವುದರಿಂದಲೂ, ನಮ್ಮ ಕರಾವಳಿಯ ತೇವಕ್ಕೆ ಬೇಗನೆ ತುಕ್ಕು ಹಿಡಿಯುವುದರಿಂದಲೂ, ಒರೆಸಿ ಎಣ್ಣೆ ಸವರುವ ತಾಳ್ಮೆಯಿಲ್ಲದವರು ತುಕ್ಕುನಿರೋಧಕ ಉಕ್ಕನ್ನೇ ಕೇಳುವುದು ಲೇಸು.

ಎಲ್ಲಕ್ಕಿಂತಲೂ ಮುಖ್ಯವಾದುದು ಮುಚ್ಚುವ ಕ್ರಮ. ಸಾಂಪ್ರದಾಯಿಕ ರಚನೆಯಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವುದು ಕಮಾನಿನ ಒತ್ತಡವೇ ಹೊರತು ಬೀಗವಲ್ಲವಾದ್ದರಿಂದ, ಮೊನೆಯಿಂದ ಚುಚ್ಚಿ ಒತ್ತಿದರೆ ಅದು ಬೆರಳ ಮೇಲೆ ಮಡಚಿಕೊಂಡೀತು. ಮುಚ್ಚುವಾಗ ಫಟ್ಟನೆ ಬಿಟ್ಟುಬಿಟ್ಟರೆ ಒಳಗಿನ ಕಮಾನಿಗೆ ಬಡಿದು ಬಾಯಿಯೇ ಮುಕ್ಕಾದೀತು. ಆದುದರಿಂದ ಕೊನೆಯವರೆಗೂ ಕೈಯಿಂದಲೇ ನಡೆಸಿ ಮೆಲ್ಲನೆ ಮುಚ್ಚಿರಿ.

ಚಾಕನ್ನು ಉಡುಗೊರೆಯಾಗಿ ಪಡೆದವನು ಸ್ನೇಹ ಕಡಿಯದಿರಲೆಂದು ಕೊಟ್ಟವನಿಗೊಂದು ನಾಣ್ಯವನ್ನೀಯುವ ಪದ್ಧತಿ ಫ್ರೆಂಚರಲ್ಲುಂಟು. ನನಗೆ ಅದು ಬಹು ಪ್ರಿಯವಾದ ಆಚಾರ. ವಿಮಾನದಲ್ಲಿ ತರುವುದಾದರೆ ಮಾತ್ರ ಕೈಚೀಲದಲ್ಲಿಡದೆ, ಸಾಮಾನಿನೊಡನೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಿರಿ.