ಅಂಗಮರ್ದನ

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಅದು ಬಹುಕಾಲ ಬಾಳದು. ಮೈಗೆ ಎಣ್ಣೆ ತಿಕ್ಕುವುದರ ಪ್ರಯೋಜನವನ್ನು ವಿವರಿಸಲು ಚರಕಸಂಹಿತೆಯು ಬಳಸಿರುವ ಹೋಲಿಕೆಗಳಲ್ಲಿ ಇದೂ ಒಂದು. ಆಯುರ್ವೇದವು ಇದನ್ನು ಅಭ್ಯಂಗವೆಂದು ಕರೆದು ದಿನಚರಿಯಲ್ಲಿಯೇ ಸೇರಿಸಿತು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಾಗ್ಭಟನು ವಿಧಿಸಿದನು. ಹೆಚ್ಚಿನ ಮನೆಗಳಲ್ಲಿ ಈಗ ಅದು ದೀಪಾವಳಿಯ ಎಣ್ಣೆಸ್ನಾನದಲ್ಲಿಯೂ ಬಾಣಂತಿ, ಹಸುಗೂಸುಗಳ ಆರೈಕೆಯಲ್ಲಿಯೂ ಉಳಿದುಕೊಂಡಿದೆ. ಗರಡಿಮನೆಯ ಜಟ್ಟಿಗಳಂತೂ ಸಾಮು ಮುಗಿದ ಮೇಲೆ ಒಬ್ಬರ ಮೈಯನ್ನೊಬ್ಬರು ತಿಕ್ಕಿ ದಣಿವಾರಿಸಿಕೊಳ್ಳುತ್ತಾರೆ.

ಯುರೋಪಿನಲ್ಲಿ ‘ಸ್ವೀಡಿಷ್’ ಎಂದು ಹೆಸರಾದ ಪದ್ಧತಿಯಲ್ಲಿ ಎಣ್ಣೆಗಿಂತ ಕೈಯ ಚಲನೆಗೇ ಪ್ರಾಧಾನ್ಯ. ಹೆಸರು ಸ್ವೀಡನ್ನಿನದಾದರೂ, ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು ಎಂದು ಅದರ ಕ್ರಮಗಳನ್ನು ವಿಂಗಡಿಸಿದವನು ಆಂಸ್ಟರ್‌ಡ್ಯಾಮಿನ ವೈದ್ಯ ಮೆಟ್ಸ್‌ಗರ್ (1838–1909). ಜಪಾನಿನ ಶಿಯಾಟ್ಸು ಬೆರಳಿನ ಒತ್ತಡವನ್ನೇ ನೆಚ್ಚಿಕೊಂಡಿದೆ.

ಅಂಗಮರ್ದನದಿಂದ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಸೊಂಟನೋವು ಕೆಲಕಾಲ ತಗ್ಗುವುದುಂಟು. ಸಕಲ ರೋಗಗಳಿಗೂ ಇದೇ ಮದ್ದೆಂಬುದು ಮಾತ್ರ ಅತಿಶಯೋಕ್ತಿಯೇ ಸರಿ. ಅಜೀರ್ಣವಾದಾಗ ಅಭ್ಯಂಗ ಸಲ್ಲದೆಂದು ವಾಗ್ಭಟನೇ ಎಚ್ಚರಿಸಿದ್ದಾನೆ. ಇಂದಿನ ವೈದ್ಯರು ಹೇಳುವ ಅಪಾಯ ಇನ್ನೂ ದೊಡ್ಡದು. ಬಹುದಿನ ಹಾಸಿಗೆ ಹಿಡಿದವರ ಒಂದು ಮೀನಖಂಡ ಊದಿ ನೋಯತೊಡಗಿದರೆ, ಅಕ್ಕರೆಯಿಂದಲೂ ಅದನ್ನು ಒತ್ತಬಾರದು. ಅಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ, ಶ್ವಾಸಕೋಶವನ್ನು ಸೇರಿ, ಪ್ರಾಣಕ್ಕೇ ಎರವಾದೀತು. ಅಂಥವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.