ಸಂಗೀತ ವಿದ್ಯಾರ್ಥಿಯ ಅರ್ಜಿಯೂ ಕಾನೂನಿನ ಆಸರೆಯೂ

ಶೃಂಗೇರಿಯ ನವರಾತ್ರಿಯ ಸಂಜೆಗಳಲ್ಲಿ ಶಾರದೆಯ ಸನ್ನಿಧಿಯ ಹಾಡನ್ನು ಕೇಳುತ್ತ ಬೆಳೆದ, ಕೊಪ್ಪದ ಅಡಿಕೆತೋಟಗಳ ನಡುವಣ ಮನೆಯಂಗಳದಲ್ಲಿ ಭಾಗವತರ ಪದಕ್ಕೆ ತಾಳ ಹಾಕಿ ಕಲಿತ, ಇಲ್ಲವೆ ನರಸಿಂಹರಾಜಪುರದ ಯಾವುದೋ ಜಗುಲಿಯಲ್ಲಿ ಗುರುವಿನೆದುರು ಕುಳಿತು ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸಿದ ನಮ್ಮ ಮಕ್ಕಳು ಸಂಗೀತದಲ್ಲಿ ಸ್ನಾತಕೋತ್ತರ ಪದವಿಯನ್ನು ಬಯಸಿದರೆ, 2009ರ ಅಧಿನಿಯಮದಿಂದ ರೂಪುಗೊಂಡ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿರುವ ಮೈಸೂರಿಗೋ, ಹಿಂದೂಸ್ತಾನಿ ಪರಂಪರೆಯ ಧಾರವಾಡಕ್ಕೋ ಹೊರಡಬೇಕಾಗುತ್ತದೆ. ಶುಲ್ಕ, ಬಾಡಿಗೆ, ಊಟ, ವಾದ್ಯದ ರಿಪೇರಿ ಎಂದು ಲೆಕ್ಕ ಹಾಕುವಷ್ಟರಲ್ಲಿಯೇ ಅನೇಕ ಮನೆಗಳಲ್ಲಿ ಆ ಆಸೆ ಬಾಡಿಹೋಗುತ್ತದೆ.

ವೀಣೆ ಶೇಷಣ್ಣನವರಂಥ ವಿದ್ವಾಂಸರನ್ನು ಮೈಸೂರಿನ ಆಸ್ಥಾನವು ಪೋಷಿಸಿದ ಕಾಲದಲ್ಲಿ ಸಂಗೀತಗಾರನ ಜೀವಿಕೆಯು ಪ್ರಭುವಿನ ರಸಿಕತೆಯನ್ನು ಆಶ್ರಯಿಸಿತ್ತು. ಇಂದು ಅದು ನಿಯಮವನ್ನು ಆಶ್ರಯಿಸಿದೆ. ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಶಿಕ್ಷಣಕ್ಕೆ ಏರ್ಪಾಡು ಮಾಡತಕ್ಕದ್ದೆಂದು ಸಂವಿಧಾನದ 41ನೆಯ ಅನುಚ್ಛೇದವು ವಿಧಿಸುವುದಾದರೂ, ಅದು ನಿರ್ದೇಶಕ ತತ್ತ್ವವಾದುದರಿಂದ ಅದೊಂದನ್ನೇ ಹಿಡಿದು ನ್ಯಾಯಾಲಯದಲ್ಲಿ ವಿದ್ಯಾರ್ಥಿವೇತನವನ್ನು ಕೇಳಲಾಗದು. ಆದರೆ ಯೋಜನೆಯೊಂದು ಜಾರಿಯಲ್ಲಿರುವಾಗ ಸಮಾನವಾಗಿ ಪರಿಗಣಿಸಲ್ಪಡುವುದು, ಬೇಕಾದ ಪ್ರಮಾಣಪತ್ರವನ್ನು ಗೊತ್ತಾದ ಅವಧಿಯೊಳಗೆ ಪಡೆಯುವುದು, ಅರ್ಜಿ ತಿರಸ್ಕೃತವಾದರೆ ಕಾರಣವನ್ನು ತಿಳಿಯುವುದು, ಇವು ಪ್ರಾರ್ಥನೆಯಿಂದ ದೊರಕತಕ್ಕವುಗಳಲ್ಲ, ನಾಗರಿಕನಿಗೆ ಸಲ್ಲತಕ್ಕವು.

ದೊರೆಯಬಹುದಾದ ನೆರವು

ಕೇಂದ್ರ ಸಂಸ್ಕೃತಿ ಸಚಿವಾಲಯವು ಯುವ ಕಲಾವಿದರಿಗೆ ನೀಡುವ ವಿದ್ಯಾರ್ಥಿವೇತನವು 18ರಿಂದ 25 ವರ್ಷ ವಯಸ್ಸಿನವರಿಗೆ ಮೀಸಲಾಗಿದ್ದು, ಗುರುವಿನ ಬಳಿಯೋ ಸಂಸ್ಥೆಯಲ್ಲಿಯೋ ಕನಿಷ್ಠ ಐದು ವರ್ಷ ಅಭ್ಯಾಸ ಮಾಡಿದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಸಲ್ಲುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನವು ವರ್ಷಕ್ಕೆ ಹತ್ತು ತಿಂಗಳು, ತಿಂಗಳಿಗೆ 15,000 ರೂಪಾಯಿ. ಮುಂದೆ ಸಂಶೋಧನೆಗೆ ಹೋಗಬಯಸುವವರಿಗೆ ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯವಾಗಿದೆ. ಅದರ ಕಿರಿಯ ಸಂಶೋಧನಾ ಶಿಷ್ಯವೇತನವು 2023ರಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು.

ರಾಜ್ಯದ ಕಡೆಯಿಂದ, ಕುಟುಂಬದ ವಾರ್ಷಿಕ ಆದಾಯವು 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ; ಇತರ ವರ್ಗಗಳಿಗೂ ತಮ್ಮ ತಮ್ಮ ಇಲಾಖೆಗಳ ಯೋಜನೆಗಳುಂಟು. ಇಂಥ ಅರ್ಜಿಗಳನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನ ಮೂಲಕ ಸಲ್ಲಿಸಬೇಕು. ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ವರ್ಷಕ್ಕೆ ಗಂಡುಮಕ್ಕಳಿಗೆ 10,000, ಹೆಣ್ಣುಮಕ್ಕಳಿಗೆ 11,000 ರೂಪಾಯಿಯೆಂದು ನಿಗದಿಯಾಯಿತು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯು ಪ್ರಕಟಿಸುವ ಶಿಷ್ಯವೇತನದ ಪ್ರಕಟಣೆಗಳನ್ನೂ ಗಮನಿಸುತ್ತಿರಬೇಕು. ಒಂದೇ ಅವಧಿಗೆ ಎರಡು ನೆರವನ್ನು ಪಡೆಯಕೂಡದೆಂಬ ನಿಬಂಧನೆಯು ಅನೇಕ ಯೋಜನೆಗಳಲ್ಲಿರುವುದರಿಂದ, ಪಡೆಯುತ್ತಿರುವುದನ್ನು ಮರೆಮಾಚದೆ ಅರ್ಜಿಯಲ್ಲಿಯೇ ನಮೂದಿಸುವುದು ಕ್ಷೇಮ. ಯೋಜನೆಗಳ ಮೊತ್ತವೂ ಷರತ್ತೂ ಆಗಾಗ ಪರಿಷ್ಕೃತವಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯತಕ್ಕದ್ದು.

ಕಾಗದಪತ್ರಗಳ ಸಿದ್ಧತೆ

ಮಲೆನಾಡಿನ ವಿದ್ಯಾರ್ಥಿಯು ನೆರವನ್ನು ಕಳೆದುಕೊಳ್ಳುವುದು ಸ್ವರಜ್ಞಾನದ ಕೊರತೆಯಿಂದ ಬಹಳ ವಿರಳ. ಕಾಗದದ ಕೊರತೆಯಿಂದ ಪದೇ ಪದೇ. ಕಿಗ್ಗದ ಕಡೆಯ ಒಬ್ಬ ಹುಡುಗಿಯು ಆಷಾಢದ ಮಳೆಯಲ್ಲಿ, ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗವಚಿಕೊಂಡು, ಬಸ್ಸಿಳಿದು ನಾಡಕಚೇರಿಯ ಕಿಟಕಿಯೆದುರು ನಿಂತಿರುವಳೆಂದು ಭಾವಿಸೋಣ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರವು ಹೆಸರಿನ ಮುಂದಿದೆ, ಆಧಾರಿನಲ್ಲಿ ಹಿಂದಿದೆ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ತೋಟದ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿದೆ. ಈ ಮೂರೂ ಸಣ್ಣ ಸಂಗತಿಗಳೇ. ಆದರೆ ಮೊದಲೆರಡರಿಂದ ಮಂಜೂರಾದ ಹಣವೂ ಖಾತೆಗೆ ಬಾರದೆ ನಿಲ್ಲಬಹುದು, ಮೂರನೆಯದರಿಂದ ತಂದೆಗೆ ರೈತರ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆಯು ದೊರೆಯದೆ ರೈತ ವಿದ್ಯಾನಿಧಿಯ ಬಾಗಿಲು ಮುಚ್ಚಬಹುದು. ಆದುದರಿಂದ ಪ್ರವೇಶದ ಅರ್ಜಿಗೆ ಮುಂಚಿತವಾಗಿಯೇ ಪೌತಿ ಖಾತೆಯನ್ನು ಮಾಡಿಸಿ, ಹೆಸರುಗಳನ್ನು ಸರಿಪಡಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಗುರುವಿನಿಂದ ಕಲಿತ ವರ್ಷಗಳನ್ನು ಸ್ಪಷ್ಟವಾಗಿ ಕಾಣಿಸುವ ದೃಢೀಕರಣ ಪತ್ರವನ್ನು, ದಿನಾಂಕ ಸಹಿಗಳೊಡನೆ, ಈಗಲೇ ಬರೆಸಿಕೊಳ್ಳಬೇಕು. ವೃದ್ಧ ಗುರುಗಳು ಸದಾ ನಮ್ಮೊಡನಿರುವರೆಂದು ನಂಬಿ ಕೂಡುವಂತಿಲ್ಲ.

ವಿಳಂಬವಾದರೆ, ತಿರಸ್ಕೃತವಾದರೆ

2012ರ ಏಪ್ರಿಲ್ 2ರಿಂದ ಜಾರಿಗೆ ಬಂದ ಸಕಾಲ ಕಾಯಿದೆಯ ಮೇರೆಗೆ ಇಂಥ ಪ್ರಮಾಣಪತ್ರಗಳ ಅರ್ಜಿದಾರನಿಗೆ ಹದಿನೈದು ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯಬೇಕು. ಅದನ್ನು ಪಡೆಯದೆ ಕಿಟಕಿಯಿಂದ ಹಿಂದಿರುಗಬಾರದು. ಅವಧಿ ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವುಂಟು. ವಿದ್ಯಾರ್ಥಿವೇತನದ ಅರ್ಜಿಯು ಯಾವ ಮೇಜಿನ ಮೇಲೆ, ಯಾವ ಕಾರಣದಿಂದ ನಿಂತಿದೆಯೆಂಬುದನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ 6ನೆಯ ಪ್ರಕರಣದ ಮೇರೆಗೆ, 10 ರೂಪಾಯಿ ಶುಲ್ಕ ತೆತ್ತು ಕೇಳಬಹುದು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯವನ್ನು ಕುರಿತು 150 ಪದಗಳೊಳಗೆ ಬರೆಯಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ, ಅನಂತರ ಮಾಹಿತಿ ಆಯೋಗ.

ವಿದ್ಯಾರ್ಥಿವೇತನವು ದೊರೆಯದೆ ಹೋದರೆ ಸಾಲದ ದಾರಿಯುಂಟು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನವು ಬೇಕಿಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಮಾಡಿದರೆ ಸಾಕು. ಸಂಗೀತಕ್ಕೆ ಸಾಲವೇ ಎಂದು ಯಾರಾದರೂ ಬಾಯಿಮಾತಿನಲ್ಲಿ ಹಿಂದಿರುಗಿಸಿದರೆ, ಅರ್ಜಿಯನ್ನು ಲಿಖಿತವಾಗಿಯೇ ಕೊಟ್ಟು ನಿರಾಕರಣೆಯ ಕಾರಣವನ್ನೂ ಲಿಖಿತವಾಗಿಯೇ ಕೇಳತಕ್ಕದ್ದು.

ಇಷ್ಟಾದರೂ ದಾರಿ ಕಾಣದಿದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣವು ಸ್ತ್ರೀಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಆದಾಯವನ್ನು ನೋಡದೆ ಉಚಿತ ನೆರವನ್ನು ಕೊಡಿಸುತ್ತದೆ. 15100 ಎಂಬ ದೂರವಾಣಿ ಸಂಖ್ಯೆಯೂ ಅದಕ್ಕಾಗಿಯೇ ಇದೆ. ಮಳೆಯಲ್ಲಿ ನೆನೆಯದಂತೆ ಅಂಕಪಟ್ಟಿಯನ್ನು ಎದೆಗವಚಿಕೊಂಡು ಬಂದ ಆ ಹುಡುಗಿಯು, ಸಂಜೆಯ ಬಸ್ಸಿನಲ್ಲಿ ಹಿಂದಿರುಗುವಾಗ ಅದೇ ಕವರಿನಲ್ಲಿ ಸಂಖ್ಯೆ, ಮುದ್ರೆ, ದಿನಾಂಕಗಳುಳ್ಳ ಒಂದು ಸ್ವೀಕೃತಿಯನ್ನೂ ಒಯ್ಯುವಂತಾಗಲಿ.